ಬಿರುಗಾಳಿ ಕ್ರಿಸಾಂತೊ ಅವರ ಮೇಲೆ ಒಬ್ಬ ಅಳಿಯನ ದೂರು

ಆಬರ್ನ್ ಹಿಲ್ಸ್, ಮಿಶಿಗನ್
ಜೂನ್ 2009

ನೂರಾ ಹನ್ನೆರಡು ಚಿತ್ರಗಳ ನಾಯಕರೂ ಮನಿಲಾ ಮಹಾನಗರದ ಬಿರುಗಾಳಿಯೆಂದು ಹೆಸರಾದವರೂ ಆದ ಶ್ರೀ ಕ್ರಿಸಾಂತೊ ಮಗ್ತಂಗೋಲ್ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ ತಮ್ಮ ಎರಡೂ ಮೊಣಕಾಲುಗಳಿಗೂ ಕ್ಷೇಮವನ್ನು ಹಾರೈಸಿ, ನಡುಬಗ್ಗಿಸಿ ನಮಸ್ಕರಿಸಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ಕನ್ನಡದಲ್ಲಿ ಬರೆದುದಕ್ಕೆ ಕ್ಷಮೆ ಇರಲಿ. ಆರು ತಿಂಗಳು ನಮ್ಮ ಮನೆಯಲ್ಲಿ ತಾವು ಒಂದಕ್ಷರ ಅನುವಾದವಿಲ್ಲದೆ ತಗಾಲೋಗ್ ನುಡಿಯಲ್ಲೇ ಗುಡುಗಿದ್ದರಿಂದ ಲೆಕ್ಕ ಸರಿಹೋಯಿತೆಂದು ಭಾವಿಸುತ್ತೇನೆ.

ನನ್ನ ಹೆಸರು ಕಲ್ಲಿನಾಥ. ಕಾರುಗಳ ಸೀಟ್ ಬೆಲ್ಟ್ ಪರೀಕ್ಷಿಸುವ ಎಂಜಿನಿಯರು. ಗೊಂಬೆಗಳನ್ನು ಕಾರಿನಲ್ಲಿ ಕೂರಿಸಿ, ಕಾರನ್ನು ಗೋಡೆಗೆ ಗುದ್ದಿಸಿ, ಗೊಂಬೆಯ ಎದೆಗೂಡು ಉಳಿಯಿತೇ ಎಂದು ನೋಡುವುದು ಹದಿನಾಲ್ಕು ವರ್ಷ ನನ್ನ ಕೆಲಸವಾಗಿತ್ತು. ಕಳೆದ ಫೆಬ್ರವರಿಯಲ್ಲಿ, ಕಾರು ಕೊಳ್ಳುವವರೇ ಇಲ್ಲದಂತಾದಾಗ, ನಮ್ಮ ಕಂಪನಿಯು ಗೊಂಬೆಗಳನ್ನು ಉಳಿಸಿಕೊಂಡು ನಮ್ಮನ್ನು ಮನೆಗೆ ಕಳುಹಿಸಿತು.

ಅದಕ್ಕೆ ತಾವು ಹೊಣೆಯಲ್ಲ. ತಮ್ಮ ಅಪರಾಧ ಅದಕ್ಕೂ ಮೊದಲೇ, ಡಿಸೆಂಬರಿನ ಹಿಮದಲ್ಲಿ, ಒಂದು ಶೂ ಡಬ್ಬಿಯೊಳಗೆ ಕುಳಿತು ನಮ್ಮ ಮನೆಗೆ ಬಂದಿತ್ತು. ನನ್ನ ಅತ್ತೆ ಶಿವಲಿಂಗಮ್ಮನವರು ಗದಗ ಜಿಲ್ಲೆಯ ರೋಣದಿಂದ ಮಗಳ ಮನೆಗೆಂದು ಬಂದು, ಕಿಟಕಿಯಾಚೆ ಬಿಳುಪು ಬಿಟ್ಟು ಬೇರೇನೂ ಕಾಣದೆ ಮಂಕಾಗಿದ್ದರು. ನನ್ನ ಹೆಂಡತಿ ನೀಲಾಂಬಿಕಾ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದಾಳೆ. ಅಲ್ಲಿನ ನರ್ಸ್, ತಮ್ಮ ದೇಶದವರೇ ಆದ ಲೀನಾ, ಮರುಕಪಟ್ಟು ತಮ್ಮ ಇಪ್ಪತ್ತಾರು ಚಿತ್ರಗಳ ಡಿವಿಡಿಗಳನ್ನು ಕೊಟ್ಟರು. ಜೊತೆಗೆ ತಮ್ಮ ಜೀವನಚರಿತ್ರೆಯನ್ನೂ ಹೇಳಿದರು: ತಾವು ಐಸ್ ಮಾರುವವರ ಮಗನೆಂದು, ಹನ್ನೊಂದು ವರ್ಷ ಬೇರೆ ನಾಯಕರ ಬದಲಿಗೆ ಮಹಡಿಯಿಂದ ಬೀಳುವ ಕೆಲಸ ಮಾಡಿದಿರೆಂದು, ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾ ತಮ್ಮ ಮುಖ ನೋಡಿತೆಂದು. ಸಂಕ್ರಾಂತಿಯ ಹೊತ್ತಿಗೆ ಅತ್ತೆಯವರು ತಮ್ಮನ್ನು ‘ನಮ್ಮ ಕ್ರಿಸಾಂತಪ್ಪ’ ಎನ್ನತೊಡಗಿದ್ದರು.

ತಮ್ಮ ಚಿತ್ರಗಳಲ್ಲಿ ಮೊದಲ ಹತ್ತು ನಿಮಿಷದಲ್ಲಿ ಸಕ್ಕರೆ ಗಿರಣಿಯ ಮಾಲೀಕನು ತಮ್ಮನ್ನು ಕೆಲಸದಿಂದ ತೆಗೆಯುತ್ತಾನೆ, ಅರ್ಧ ಮುಗಿಯುವಷ್ಟರಲ್ಲಿ ಅವನ ಕಾವಲುಗಾರರೆಲ್ಲ ಕಾಲುವೆಯಲ್ಲಿರುತ್ತಾರೆ. ಇಂಥದ್ದನ್ನು ಇಪ್ಪತ್ತಾರು ಸಲ ಕಂಡ ಹಿರಿಯರ ಮುಂದೆ ನಾನು ಆಫೀಸಿನ ಮೇಜಿನ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆ ಹಿಡಿದು ಬಂದು ನಿಂತೆ. ಅವರು ಅಳಲಿಲ್ಲ. ಕೇಳಿದ್ದು ಇಷ್ಟೇ:

“ಎಷ್ಟ್ ಮಂದಿ ಇದ್ರು ಅವ್ರು?”

“ಇಬ್ರು ಅತ್ತಿ. ಒಬ್ಬಾವ ನಮ್ಮ ಮ್ಯಾನೇಜರ್ ಸುರೇಶ್, ಇನ್ನೊಬ್ಬಾಕಿ ಎಚ್‌ಆರ್‌ದಾಕಿ.”

“ಬರೇ ಇಬ್ರ? ನೀವೇನ್ ಅಂದ್ರಿ?”

“ಸಹಿ ಮಾಡಿ ಥ್ಯಾಂಕ್ಸ್ ಅಂದೆ.”

“ಅನ್ನ ಕಸ್ಕೊಂಡವ್ರಿಗೆ ಥ್ಯಾಂಕ್ಸ್ ಹೇಳಿ ಬಂದ್ರೇನ್ರಿ ಅಳಿಯಂದ್ರ?”

ಅಡುಗೆಮನೆಯಲ್ಲಿ ನೀಲಾಂಬಿಕಾ ಕಿಸಕ್ಕನೆ ನಕ್ಕಳು, ತಕ್ಷಣ ನಗು ನುಂಗಿಕೊಂಡಳು. ಮಾನ್ಯರೇ, ನಕ್ಕದ್ದಕ್ಕಿಂತ ನುಂಗಿಕೊಂಡದ್ದು ನನಗೆ ಹೆಚ್ಚು ನೋಯಿತೆಂದು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಅಂದಿನಿಂದ ಅತ್ತೆಯವರು ನನ್ನನ್ನು ಹೊಡೆದಾಟಕ್ಕೆ ತಯಾರು ಮಾಡತೊಡಗಿದರು. ತಮ್ಮ ಚಿತ್ರದ ತಾಯಿ ಮಗನನ್ನು ಕಾಳಗಕ್ಕೆ ಕಳುಹಿಸುವ ಮುನ್ನ ಉಣಬಡಿಸುವಂತೆ, ನಾನು ಕಂಪ್ಯೂಟರಿನಲ್ಲಿ ಒಂದು ಅರ್ಜಿ ತುಂಬಲು ಕೂತರೂ ಸಾಕು, ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮೂರು ತಿಂಗಳಲ್ಲಿ ನೂರಾರು ಅರ್ಜಿ ಕಳುಹಿಸಿದೆ. ಸಂದರ್ಶನಕ್ಕೆ ಕರೆ ಬಂದದ್ದು ಒಂದೇ, ಅಷ್ಟರಲ್ಲಿ ಸೂಟಿನ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ.

ಆ ಸಂದರ್ಶನ ಶಿಕಾಗೊ ಬಳಿಯ ಇಟಾಸ್ಕಾದಲ್ಲಿ, ಮೇ ತಿಂಗಳ ಒಂದು ಶುಕ್ರವಾರ. ಅದೇ ಸಂಜೆ ಅದೇ ಊರಿನ ಹೋಟೆಲಿನಲ್ಲಿ ತಮಗೆ ಫಿಲಿಪೀನ್ಸ್ ಬಾಂಧವರ ಸನ್ಮಾನ. ಹೀಗಾಗಿ ನೀಲಾಂಬಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುನ್ನೂರು ಮೈಲು ನಾನು ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಅತ್ತೆಯವರೂ ಲೀನಾರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ತಮ್ಮ ಚಿತ್ರಗಳ ಹಾಡುಗಳನ್ನು ಜೊತೆಯಾಗಿ ಹಾಡಿದರು.

ಸಂದರ್ಶನ ಬೇಗ ಮುಗಿಯಿತು. ಒಂದು ತಾಸು ಕಾಯಿಸಿದ ಮೇಲೆ ಒಬ್ಬ ಯುವಕ ಬಂದು, ಆ ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ, ನಿನ್ನೆಯೇ ನಿಮಗೆ ಈಮೇಲ್ ಹೋಗಬೇಕಿತ್ತು ಎಂದ. ಅವನಿಗೂ ಥ್ಯಾಂಕ್ಸ್ ಹೇಳಿದೆ. ನಂತರ, ಮೊದಲೇ ಹೋಟೆಲಿನಲ್ಲಿ ಇಳಿಸಿ ಬಂದಿದ್ದ ಮೂವರನ್ನು ಸೇರಿಕೊಳ್ಳಲು ಕಾರು ತಿರುಗಿಸಿದೆ.

ಸನ್ಮಾನದಲ್ಲಿ ತಾವು ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಬಂದದ್ದನ್ನು ಕಂಡು, ಬಿರುಗಾಳಿಗೂ ಎಪ್ಪತ್ತು ವರ್ಷವಾಗುತ್ತದೆಂದು ತಿಳಿದುಕೊಂಡೆ. ಪ್ರಶ್ನೆ ಕೇಳಬಹುದೆಂದು ಹೇಳಿದ್ದೇ ತಡ, ಮುನ್ನೂರು ಜನರ ನಡುವೆ ನನ್ನ ಅತ್ತೆ ಎದ್ದು ನಿಂತರು. ಅವರ ಗದಗಿನ ಕನ್ನಡವನ್ನು ನೀಲಾಂಬಿಕಾ ಇಂಗ್ಲಿಷಿಗೂ, ಅದನ್ನು ಲೀನಾ ತಗಾಲೋಗಿಗೂ ದಾಟಿಸಿದರು:

“ನಮ್ಮ ಅಳಿಯಂದ್ರ ಕೆಲ್ಸಾ ಇಬ್ರು ಕಸ್ಕೊಂಡ್ರು. ಇವ್ರು ಥ್ಯಾಂಕ್ಸ್ ಹೇಳಿ ಬಂದ್ರು. ಇಂಥವ್ರಿಗೆ ನೀವೇನ್ ಹೇಳ್ತೀರಿ?”

ಸಭೆ ಘೊಳ್ಳೆಂದು ನಕ್ಕಿತು. ನಾನು ಕುರ್ಚಿಯ ಕೆಳಗೆ ಜಾಗ ಹುಡುಕುತ್ತಿದ್ದೆ. ತಾವು ಮಾತ್ರ ನಗಲಿಲ್ಲ. ತಮ್ಮ ಉತ್ತರ ಮೂರು ಭಾಷೆ ಇಳಿದು ನನ್ನ ಹೆಂಡತಿಯ ಬಾಯಲ್ಲಿ ಹೀಗೆ ಬಂತು:

“ನಾನೂ ಥ್ಯಾಂಕ್ಸ್ ಅಂದೀನ್ರಿ ಅವ್ವಾರ. ಹನ್ನೊಂದ್ ವರ್ಷದಾಗ ಏಳ್ ಸರ್ತಿ ನನ್ನ ತಗದ್ರು. ಬಾಗ್ಲದಾಗ ನಿಂತು ಹೇಳಾವ ಮಾಲಕ ಅಲ್ರಿ, ಅವನೂ ಪಗಾರದಾವನ. ಖರೇ ಮಾಲಕನ್ನ ನಾನು ಸಿನಿಮಾದಾಗಷ್ಟ ನೋಡೀನಿ. ಅಂದಂಗ, ನಿಮ್ಮ ಅಳಿಯಂದ್ರು ಏನ್ ಕೆಲ್ಸಾ ಮಾಡ್ತಿದ್ರು?”

ಸೀಟ್ ಬೆಲ್ಟ್ ಎಂದು ಕೇಳಿದೊಡನೆ ತಾವು ನನ್ನನ್ನು ವೇದಿಕೆಗೆ ಕರೆದಿರಿ. ಒಮ್ಮೆ ಸೇತುವೆಯಿಂದ ಜೀಪು ಹಾರಿಸುವ ದೃಶ್ಯದಲ್ಲಿ ತಮಗೆ ಬೆಲ್ಟ್ ಇತ್ತು, ಪಕ್ಕದಲ್ಲಿದ್ದ ಗೆಳೆಯನಿಗೆ ಇರಲಿಲ್ಲ ಎಂದಷ್ಟೇ ಹೇಳಿದಿರಿ. ಆಮೇಲೆ ಕುರ್ಚಿ ತರಿಸಿ ಗೊಂಬೆಯಂತೆ ಕೂತಿರಿ. ಸನ್ಮಾನದವರು ತಮ್ಮ ಎದೆಗೆ ಅಡ್ಡ ತೊಡಿಸಿದ್ದ ರೇಷ್ಮೆ ಪಟ್ಟಿಯನ್ನೇ ಬೆಲ್ಟಾಗಿ ಹಿಡಿದು, ಅದು ಯಾವ ಗಳಿಗೆಗೆ ಬಿಗಿಯಬೇಕು, ಯಾವ ಗಳಿಗೆಗೆ ಸಡಿಲಬೇಕು, ಸಡಿಲದಿದ್ದರೆ ಪಕ್ಕೆಲುಬು ಏನಾಗುತ್ತದೆ ಎಂದು ನಾನು ವಿವರಿಸಿದೆ. ನಾನು ಎಳೆದಾಗಲೆಲ್ಲ ತಾವು ಅಬ್ಬರಿಸಿ ಮುಗ್ಗರಿಸಿದಿರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ತಾವು ಕೇಳಿದಿರಿ, ನಿನ್ನ ಬೆಲ್ಟಿನಿಂದ ಎಷ್ಟು ಜನ ಉಳಿದಿರಬಹುದು ಎಂದು. ಹದಿನಾಲ್ಕು ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮೈಕ್ ತಮಗೇ ಒಪ್ಪಿಸಿ, ರೇಷ್ಮೆ ಪಟ್ಟಿಯನ್ನು ತಮ್ಮ ಭುಜದ ಮೇಲೆ ಸರಿಪಡಿಸಿ ಕೆಳಗಿಳಿದೆ.

ಊಟದ ಸಾಲಿನಲ್ಲಿ ನಮ್ಮೂರ ಹತ್ತಿರದ ಸೌತ್‌ಫೀಲ್ಡ್‌ನಿಂದ ಬಂದಿದ್ದ ತಮ್ಮ ಅಭಿಮಾನಿಯೊಬ್ಬರು ನನ್ನ ತೋಳು ಹಿಡಿದರು. ಗಾಲಿಕುರ್ಚಿಯಲ್ಲಿ ಕೂತವರನ್ನು ಸಾಗಿಸುವ ವ್ಯಾನುಗಳಿಗೆ ಬೆಲ್ಟ್ ಅಳವಡಿಸುವ ಸಣ್ಣ ವರ್ಕ್‌ಶಾಪ್ ಅವರದು. ಎರಡು ವಾರದಿಂದ, ವಾರಕ್ಕೆ ಮೂರು ದಿನ, ನಾನು ಅಲ್ಲಿದ್ದೇನೆ. ಇಲ್ಲಿ ಬೆಲ್ಟಿನೊಳಗೆ ಕೂರುವವರು ಗೊಂಬೆಗಳಲ್ಲ, ಬಿಗಿಯಾದರೆ ಬೈಯುತ್ತಾರೆ.

ಈಗ ನನ್ನ ದೂರಿನ ತಿರುಳು. ಈ ಕೆಲಸವನ್ನು ಕ್ರಿಸಾಂತಪ್ಪನವರೇ ಕೊಡಿಸಿದರೆಂದು ಅತ್ತೆಯವರು ಇಡೀ ರೋಣಕ್ಕೆ ಫೋನ್ ಮಾಡಿ ಹೇಳಿದ್ದಾರೆ; ನನ್ನ ಎಂಜಿನಿಯರಿಂಗ್ ಪದವಿಯ ಹೆಸರೆತ್ತುವವರು ಈಗ ಯಾರೂ ಇಲ್ಲ. ಆದಕಾರಣ ತಾವು ದಯಮಾಡಿ ನೂರಾ ಹದಿಮೂರನೆಯ ಚಿತ್ರವೊಂದನ್ನು ಮಾಡಿ, ಅದರಲ್ಲಿ ಮೂರು ತಾಸೂ ನಾಯಕನು ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬುವಂತೆಯೂ, ಖಳನಾಯಕನು ಎಲ್ಲಿದ್ದಾನೆಂದು ಯಾರಿಗೂ ಗೊತ್ತಾಗದಂತೆಯೂ, ನಾಯಕನ ಅತ್ತೆಯು ಆತನನ್ನು ಎದ್ದು ನಿಂತು ಮೆಚ್ಚುವಂತೆಯೂ ಏರ್ಪಾಡು ಮಾಡತಕ್ಕದ್ದೆಂದು ಪ್ರಾರ್ಥಿಸುತ್ತೇನೆ.

ಕಳೆದ ಭಾನುವಾರ ಅತ್ತೆಯವರು ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ, ನನಗೆ ಕೇಳಿಸುವುದಿಲ್ಲವೆಂದುಕೊಂಡು, ಮಗಳ ಕಿವಿಯಲ್ಲಿ ಹೇಳಿದರು: “ನಿನ್ನ ಗಂಡ ಸ್ಟೇಜಿನ ಮ್ಯಾಲ ಛಲೋ ಮಾತಾಡಿದ್ರವ್ವಾ. ನಾ ಹೇಳಿದ್ನಂತ ಅವ್ರಿಗೆ ಹೇಳಬ್ಯಾಡ.” ನೀಲಾಂಬಿಕಾ ನನ್ನತ್ತ ನೋಡಿ ನಕ್ಕಳು. ಈ ಸಲ ನುಂಗಿಕೊಳ್ಳಲಿಲ್ಲ. ಇಷ್ಟಾದರೂ ದೂರನ್ನು ಹಿಂತೆಗೆದುಕೊಳ್ಳುವ ಉದ್ದೇಶ ನನಗಿಲ್ಲ.

ತಮ್ಮಿಂದ ಎಳ್ಳಷ್ಟೂ ಪರಿಹಾರ ನಿರೀಕ್ಷಿಸದೆ, ಗೌರವಪೂರ್ವಕವಾಗಿ ಸಿಟ್ಟಾಗಿರುವ,

ತಮ್ಮ ವಿಶ್ವಾಸಿ
ಕಲ್ಲಿನಾಥ

ಮರೆತ ಮಾತು: ಅತ್ತೆಯವರು ಹೊರಡುವ ಹಿಂದಿನ ದಿನ ಲೀನಾ ತಮ್ಮ ಇತ್ತೀಚಿನ ಚಿತ್ರವನ್ನು ತಂದುಕೊಟ್ಟರು. ಅದರಲ್ಲಿ ಬರುವ ಇಪ್ಪತ್ತೆರಡರ ಹುಡುಗಿಯನ್ನು ಅತ್ತೆಯವರು ಕ್ರಿಸಾಂತಪ್ಪನವರ ಮೊಮ್ಮಗಳೆಂದೇ ತಿಳಿದು, ಎಷ್ಟು ಲಕ್ಷಣವಾಗಿದ್ದಾಳೆಂದು ಹರಸುತ್ತಿದ್ದರು. ಅಷ್ಟರಲ್ಲಿ ತಾವು ಅವಳೊಡನೆ ಮಳೆಯಲ್ಲಿ ಹಾಡತೊಡಗಿದಿರಿ. ಅತ್ತೆಯವರು ಟಿವಿ ಆರಿಸಿ ಎದ್ದುಹೋದರು. ತಮ್ಮ ವಯಸ್ಸಿಗೆ ಒಪ್ಪುವ, ಮೊಣಕಾಲು ನೋವಿನ ಕಷ್ಟ ಬಲ್ಲ ಮೂವರು ಹೆಣ್ಣುಮಕ್ಕಳು ರೋಣದಲ್ಲಿದ್ದಾರಂತೆ. ತಮ್ಮ ನಕ್ಷತ್ರ, ರಾಶಿ ತಿಳಿಸಬೇಕಂತೆ.