ಮೂರನೇದು ಒತ್ರಿ

ನನ್ನ ಯಜಮಾನರು ಇನ್ನೊಬ್ಬಳನ್ನು ಒಲಿಸಿಕೊಳ್ಳುತ್ತಿದ್ದರು; ಉಪಾಯ ಹೇಳಿಕೊಡುತ್ತಿದ್ದವಳು ನಾನು! ಬೈಲಹೊಂಗಲದ ಅರ್ಧ ಊರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು.

ಆಕೆ ಇದ್ದದ್ದು ಕಂಪ್ಯೂಟರಿನೊಳಗೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಟೈಪಿಂಗ್ ಅಂಗಡಿ. ಅರ್ಜಿ, ಲಗ್ನಪತ್ರಿಕೆ ಬಡಿಯಲೆಂದು ಕೊಂಡ ಯಂತ್ರದೊಳಗೆ ಬೆಳಗಾವಿಯಿಂದ ತಂದ ಆಟದ ಸಿಡಿಯೊಂದು ಹೊಕ್ಕಿತು. ಆಟದಲ್ಲಿ ಇವರೊಬ್ಬ ವೀರ; ಜೊತೆಗೆ ಕತ್ತಿ ಹಿಡಿದ ಸಿಡುಕಿನ ಹೆಣ್ಣು. ಕಾಳಗ ಮುಗಿದಾಗಲೆಲ್ಲ ಆಕೆ ಮನಸ್ಸಿನದೊಂದು ಮಾತು ಆಡುತ್ತಾಳೆ. ಕೆಳಗೆ ಮೂರು ಉತ್ತರ, ಒಂದನ್ನು ಒತ್ತಬೇಕು. ಹಿಡಿಸಿದರೆ ಮೆತ್ತಗಾಗುತ್ತಾಳೆ, ಕೊನೆಗೆ ಒಲಿಯುತ್ತಾಳೆ.

ಇವರಿಗೆ ಒಲಿಯುವುದುಂಟೇ? ಹುಟ್ಟಿದ್ದೇ ಬುದ್ಧಿ ಹೇಳಲು! ನೇಸರಗಿ ಬಸ್ಸಿನ ಡ್ರೈವರನಿಗೆ ಗೇರು ಹಾಕುವುದನ್ನು ಕಲಿಸಲು ಹೋಗಿ ನಡುದಾರಿಯಲ್ಲಿ ಕೆಳಗೆ ದಬ್ಬಿಸಿಕೊಂಡವರು. ನಾನು ಹೊಲಿಗೆಯವಳು; ರವಿಕೆ ಕೆಟ್ಟು ಕಣ್ಣೀರಿಟ್ಟರೆ, ಕತ್ತರಿ ಹಿಡಿಯುವ ಬಗ್ಗೆ ಊಟ ಮುಗಿಯುವವರೆಗೂ ಭಾಷಣ. ನಾನು ಅತ್ತಾಗ ಇವರು ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿರಲಿ ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಇವರು ಕಂಪ್ಯೂಟರಿನ ಮುಂದಿನಿಂದ ಕೂಗಿದರು.

“ಏ, ಬಾ ಇಲ್ಲೆ ಲಗೂನ! ಈಕಿ ತಮ್ಮ ಸತ್ತಾನಂತ. ಅಳಾಕತ್ತಾಳ. ನಾ ಏನ್ ಅನ್ಲಿ?”

“ಏನೇನ್ ಅದಾವ್ರಿ?”

“ಒಂದು, ಧೈರ್ಯ ಹೇಳೂದು. ಎರಡು, ಅಂವ ಕತ್ತಿ ಹ್ಯಾಂಗ ಬೀಸಬೇಕಿತ್ತು ಅಂತ ತಿಳಿಸೂದು. ಮೂರು, ಏನೂ ಅನ್ಲಾರದ ಬಾಜೂಕ ಕುಂಡ್ರೂದು.”

“ಮೂರನೇದು ಒತ್ರಿ.”

“ಸುಮ್ನ ಕುಂತ್ರ ಆಕಿಗೆ ತಿಳಿಯೂದು ಹ್ಯಾಂಗ?” ಎಂದು ಎರಡನೆಯದನ್ನು ಒತ್ತಿದರು. ಆಕೆ ಇವರನ್ನು ಬಿಟ್ಟೇ ಹೋದಳು!

“ನಾ ಆಗಿದ್ರ ಎಂದೋ ತವರುಮನಿಗೆ ಮುನವಳ್ಳಿ ಬಸ್ ಹತ್ತತಿದ್ದೆ.”

“ಹತ್ತಿದ್ರ ಮುಂದಿನ ಸೀಟ್ ಹಿಡಿ. ಹಿಂದ ಭಾಳ ಕುಲುಕತೈತಿ.”

ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಆಟ ಮತ್ತೆ ಮೊದಲಿನಿಂದ ಶುರು. ಆಕೆ ಮತ್ತೆ ಮತ್ತೆ ಬಿಟ್ಟು ಹೋದ ಮೇಲೆ, ಹಲ್ಲು ಕಚ್ಚಿ ಮೂರನೆಯದನ್ನು ಒತ್ತಿದರು. ಆಕೆ ಹೆಗಲಿಗೆ ಒರಗಿದಳು. ಇವರು ಬಂದ ಗಿರಾಕಿಗಳಿಗೆಲ್ಲ ಪೇಢೆ ಹಂಚಿದರು!

“ನೋಡ್ರಿ, ಹುಡುಗಿ ಎಷ್ಟ ಸುಧಾರಿಸ್ಯಾಳ!”

ಸುಧಾರಿಸಿದವಳು ಆಕೆಯೇ?

ಕೆಲವು ದಿನಗಳಲ್ಲೇ ಕಿತ್ತೂರಿನ ಮದುಮಗಳೊಬ್ಬಳ ರವಿಕೆಯ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿಬಿಟ್ಟೆ. ಹಿತ್ತಲ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಾಗ ಇವರು ಬಂದರು. ಬಾಯಿ ತೆರೆದರು. ಬಂತು ಕತ್ತರಿಯ ಭಾಷಣ ಎಂದುಕೊಂಡೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತರು. ನನ್ನ ಅಳು ತಾನಾಗಿ ನಿಂತಿತು.

“ಮೂರನೇದು ಒತ್ತೇನಿ, ನೋಡ್!” ಎಂದು ಎಲ್ಲ ಕೆಡಿಸಿದರು.

ವರ್ಷಗಳು ಕಳೆದು, ಕೊನೆಗಾಲದಲ್ಲಿ ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಲ್ಲದ ಬಾಯಿ ನನ್ನದಾಗಿತ್ತು. ದಿಂಬು ಸರಿಮಾಡಿದೆ, ಹೊದಿಕೆ ಎಳೆದೆ, ಹೀಗೆ ಮಲಗಿ, ಹಾಗೆ ಉಸಿರಾಡಿ ಎಂದೆ.

“ನೀರ್ ಕೊಡ್ಲೇನ್ರಿ? ಡಾಕ್ಟರನ್ನ ಕರೀಲೇನ್ರಿ?”

ಅವರು ಕಣ್ಣು ತೆರೆದರು.

“ಮೂರನೇದು,” ಎಂದರು.

ಮಂಚದ ಪಕ್ಕ ಕೂತೆ. ಏನೂ ಅನ್ನಲಿಲ್ಲ.