ಬಾಯಿಗೆ ಬೀಗ, ಕೈಯಲ್ಲಿ ಪೀಪಿ

ನನ್ನ ಅಕ್ಕನ ಮಗಳಷ್ಟು ಮಾತು ಉಳಿಸಿದವರು ಇಡೀ ಆದೋನಿಯಲ್ಲಿ ಇಲ್ಲ. ಊಟಕ್ಕೆ ಕರೆದರೆ ಬಾಯಿ ಬಿಡುವುದಿಲ್ಲ, ಸ್ಯಾಕ್ಸೋಫೋನಿನಲ್ಲಿ ಎರಡು ಸ್ವರ ಊದುತ್ತಾಳೆ. ಸ್ವರ ಮೇಲೆ ಹೋದರೆ ಬಂದೆ ಅಂತ, ಕೆಳಗಿಳಿದರೆ ಹಸಿವಿಲ್ಲ ಅಂತ! ಹಾಲಿನವನಿಗೆ ಒಂದು ಉದ್ದನೆಯ ಸ್ವರ: ನಾಳೆ ಅರ್ಧ ಲೀಟರು ಹೆಚ್ಚಿಗೆ ಬೇಕು. ಅವನು ತಪ್ಪದೆ ಹಾಕುತ್ತಾನೆ. ನಾನು ಮಂಡಲ ಕಚೇರಿಯಲ್ಲಿ ದಿನವಿಡೀ ಗಂಟಲು ಹರಿದುಕೊಂಡರೂ ಒಂದು ಫೈಲು ಈ ಮೇಜಿನಿಂದ ಆ ಮೇಜಿಗೆ ಹೋಗುವುದಿಲ್ಲ.

ನಗುವ ವಿಷಯವಲ್ಲ ಇದು. ಹಿಂದೆ ಅಕ್ಕನ ಕಟ್ಟಪ್ಪಣೆ ಇದೆ. ನಮ್ಮಕ್ಕ ಆಸ್ಪರಿಯಿಂದ ಹಾಲಹರವಿಯವರೆಗೆ ಸೋಬಾನೆ ಪದಕ್ಕೆ ಹೆಸರಾದವಳು. ಅವಳು ಬಂದು ಹಾಡು ಎತ್ತದೆ ಮದುಮಕ್ಕಳಿಗೆ ಅರಿಶಿಣ ಏರುತ್ತಿರಲಿಲ್ಲ. ಆಮೇಲೆ ಗಂಟಲಿನಲ್ಲಿ ಕೆಟ್ಟ ಗಡ್ಡೆ ಬಂತು. ಕರ್ನೂಲಿನ ಡಾಕ್ಟರು ಜೀವ ಉಳಿಸಿದರು, ದನಿಪೆಟ್ಟಿಗೆ ತೆಗೆದರು. ಈಗ ಅಕ್ಕ ಕತ್ತಿನಲ್ಲಿ ಮಾಡಿದ ಸಣ್ಣ ತೂತಿನಿಂದ ಉಸಿರಾಡುತ್ತಾಳೆ. ಅದರ ಮೇಲೆ ಸದಾ ಒಂದು ತೆಳು ಬಟ್ಟೆ. ಕರೆಯುವುದು ಚಪ್ಪಾಳೆಯಲ್ಲಿ, ಹೇಳುವುದು ಕೈಸನ್ನೆಯಲ್ಲಿ. ಹಾಡಿಗೂ ಈ ರೋಗಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ತೆಲುಗಿನಲ್ಲಿ ಹೇಳಿದರು, ಕನ್ನಡದಲ್ಲಿ ಹೇಳಿದರು. ಅಕ್ಕ ಎರಡು ಭಾಷೆಯಲ್ಲೂ ನಂಬಲಿಲ್ಲ. ಕಂಡವರ ಮದುವೆಯಲ್ಲೆಲ್ಲ ಹಾಡಿ ಹಾಡಿಯೇ ತನ್ನ ಗಂಟಲು ಹೋಯಿತೆಂದು ಅವಳ ತೀರ್ಮಾನ. ಆಸ್ಪತ್ರೆಯಿಂದ ಬಂದ ದಿನವೇ ಮಗಳ ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು. ನೀನು ಹಾಡಕೂಡದು, ಅಷ್ಟೇ. ಮಾತನಾಡುವುದಿದ್ದರೂ ಅಳತೆಯಲ್ಲಿ. ತಾಯಿಯ ಪಕ್ಕದಲ್ಲಿ ಕೂತು ಹಾಡುತ್ತಲೇ ಬೆಳೆದ ಹುಡುಗಿ ಎದುರಾಡಲಿಲ್ಲ.

ಹಾಡಕೂಡದು, ಸರಿ. ಊದಕೂಡದು ಎಂದು ಅಕ್ಕ ಎಲ್ಲಿ ಹೇಳಿದ್ದಳು? ಮದುವೆ ಬ್ಯಾಂಡಿನ ಮುದುಕರೊಬ್ಬರು ಹಲ್ಲು ಬಿದ್ದ ಮೇಲೆ ಮೂಲೆಗಿಟ್ಟಿದ್ದ ಸ್ಯಾಕ್ಸೋಫೋನನ್ನು ಇವಳು ಕೇಳಿ ತಂದಳು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸವೆದರೆ ಹಿತ್ತಾಳೆ ಸವೆಯಲಿ, ಮಗಳ ಗಂಟಲು ಉಳಿಯಲಿ ಎಂದುಕೊಂಡಿರಬೇಕು, ಒಪ್ಪಿದಳು. ಹುಡುಗಿ ಕಲಿತದ್ದು ಮೊಬೈಲು ನೋಡಿ. ಅದೂ ಏನನ್ನು? ಸ್ವಿಂಗ್ ಜಾಝ್! ಅಮೆರಿಕದವರ ಹಳೆಯ ಕಾಲದ ಕುಣಿತದ ಸಂಗೀತವಂತೆ. ನಮ್ಮ ಭಜನೆಯ ಹಾಗೆ ತಾಳ ನೆಟ್ಟಗೆ ಬಂದು ಬೀಳುವುದಿಲ್ಲ, ಚೂರು ತೂಗಾಡಿ ಬೀಳುತ್ತದೆ. ಕೇಳಿದವರ ಕಾಲು ಅವರ ಮಾತು ಕೇಳುವುದಿಲ್ಲ.

ಇದರ ಪ್ರತಾಪ ಗೊತ್ತಾದದ್ದು ಹಾಲಹರವಿ ಕಡೆಯ ಒಂದು ಮದುವೆಯಲ್ಲಿ. ಬ್ಯಾಂಡಿನವರು ಇವಳನ್ನೂ ಮೆರವಣಿಗೆಗೆ ಕರೆದೊಯ್ದಿದ್ದರು. ನಮ್ಮ ಕಡೆ ಮದುಮಗನ ಮೆರವಣಿಗೆ ಹೇಗೆಂದು ಗೊತ್ತಲ್ಲ? ಹೆಜ್ಜೆಗೊಂದು ಕುಣಿತ, ಕುಣಿತಕ್ಕೊಂದು ಜಗಳ. ಚಪ್ಪರ ಕಾಣುವುದು ಮುಹೂರ್ತ ಮೀರಿದ ಮೇಲೆಯೇ. ಇವಳು ಸ್ವಿಂಗ್ ಊದಲು ಶುರು ಮಾಡಿದ್ದೇ ನಿಂತಲ್ಲಿ ನಿಂತು ಕುಣಿಯುವುದು ಯಾರಿಂದಲೂ ಆಗಲಿಲ್ಲ. ಕಾಲುಗಳು ತಾವಾಗಿ ಮುಂದಕ್ಕೆ ಓಡಿದವು. ಹೆಣ್ಣಿನವರು ಇನ್ನೂ ಒಲೆ ಹಚ್ಚಿಲ್ಲ, ಮದುಮಗ ಚಪ್ಪರದಲ್ಲಿ ಹಾಜರ್! ಹೆಣ್ಣಿನ ತಂದೆ ಕೈಮುಗಿದು, “ಇಂಕಾ ಟೈಮ್ ಐತಲ್ರೀ, ಇನ್ನೊಂದ್ ಸುತ್ತು ಹಾಕ್ಕೊಂಡ್ ಬರ್ರಿ” ಎಂದು ತೆಲುಗು ಬೆರೆಸಿ ಬೇಡಿಕೊಂಡರಂತೆ.

ಆ ಮೆರವಣಿಗೆಯ ವಿಡಿಯೋ ಅವರಿವರ ಮೊಬೈಲು ದಾಟಿ ಹೈದರಾಬಾದಿನ ಒಂದು ಜಾಝ್ ತಂಡದವರ ಕಣ್ಣಿಗೆ ಬಿತ್ತು. ಬಾ, ಸೇರಿಸಿಕೊಳ್ಳುತ್ತೇವೆ ಎಂದರು. ಆದರೆ ಊದಿದರೆ ಸಾಲದು, ಹಾಡಲೂ ಬೇಕು ಎಂದರು. ಹುಡುಗಿ ನಮ್ಮ ಹತ್ತಿರ ಮೊದಲಿನ ಮಾತನ್ನಷ್ಟೇ ಹೇಳಿದಳು, ಹಾಡಿನ ಮಾತನ್ನು ನುಂಗಿಕೊಂಡಳು.

ಅಂದಿನಿಂದ ಅಭ್ಯಾಸಕ್ಕೆಂದು ಸ್ಯಾಕ್ಸೋಫೋನು ಹೊತ್ತು ದಿನಾ ಅಪ್ಪನ ಜೊತೆ ಹೊರಡತೊಡಗಿದಳು. ನಮ್ಮ ಭಾವ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಮಂಡಿಯ ಗೋದಾಮಿನ ತುಂಬ ಮಾಳಿಗೆಯವರೆಗೆ ಹತ್ತಿಯ ಬೇಲುಗಳು, ಒತ್ತಿ ಕಟ್ಟಿದ ದೊಡ್ಡ ಮೂಟೆಗಳು. ಅವುಗಳ ನಡುವೆ ನಿಂತು ಎಷ್ಟು ಕೂಗಿದರೂ ದನಿಯನ್ನು ಹತ್ತಿಯೇ ಕುಡಿದುಬಿಡುತ್ತದೆ. ನೆರೆಯವರಿಗೆ ತೊಂದರೆ ಬೇಡವೆಂದು ಎಷ್ಟು ವಿಚಾರ ಮಾಡುತ್ತಾಳೆ ನೋಡಿ ಎಂದು ನಾನೇ ಓಣಿಯಲ್ಲಿ ಹೊಗಳಿ ಬಂದೆ. ನನ್ನ ಬುದ್ಧಿವಂತಿಕೆ ಅಷ್ಟು!

ಒಂದು ಮಧ್ಯಾಹ್ನ ಅವಳು ಬುತ್ತಿ ಮರೆತು ಹೋಗಿದ್ದಳು. ಅಕ್ಕ ಡಬ್ಬಿ ಹಿಡಿದು ಹೊರಟಳು. ನನಗೂ ರಜೆ, ಜೊತೆಗೆ ಹೋದೆ. ಗೋದಾಮಿನ ಬಾಗಿಲಲ್ಲಿ ಏನೂ ಕೇಳಿಸಲಿಲ್ಲ. ಬೇಲುಗಳ ಸಂದಿಯಲ್ಲಿ ಒಳಗೆ ಹೋದೆವು. ಸ್ಯಾಕ್ಸೋಫೋನು ಒಂದು ಬೇಲಿನ ಮೇಲೆ ಮಲಗಿತ್ತು. ಹುಡುಗಿ ಹಾಡುತ್ತಿದ್ದಳು. ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಕದ್ದು ತಿನ್ನುವವರ ಹಾಗೆ, ಅರ್ಧ ದನಿಯಲ್ಲಿ.

ಕಣ್ಣು ತೆರೆದವಳು ತಾಯಿಯನ್ನು ಕಂಡಳು. 

“ಇನ್ನ ಹಾಡಂಗಿಲ್ಲಮ್ಮ. ಹೈದರಾಬಾದಿಗೂ ಹೋಗಂಗಿಲ್ಲ” ಎಂದಳು. ಆಮೇಲೆ ತಡೆಯಲಾರದೆ ಅಂದಳು: “ನೀ ಹಾಡೋದು ಬಿಟ್ಟಾಗಿಂದ ಮನಿ ಹೆಂಗಾಗೇತಿ ನೋಡು. ನಾನೂ ಬಿಟ್ರ ಹೆಂಗಮ್ಮ?”

ಅಕ್ಕ ಡಬ್ಬಿ ಕೆಳಗಿಟ್ಟಳು. ನೇರ ಹೋಗಿ ಮಗಳ ಗಂಟಲಿನ ಮೇಲೆ ಅಂಗೈ ಇಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೆ ಆ ಕೈ ಅಲ್ಲೇ ಮೆತ್ತಗೆ ನಿಂತಿತು, ಜ್ವರ ನೋಡುವ ಹಾಗೆ. ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದಳು: ಹಾಡು.

ಹುಡುಗಿ ಶುರು ಮಾಡಿದಳು. ಇಂಗ್ಲಿಷ್ ಪದ, ತೂಗಾಡುವ ತಾಳ. ದನಿ ನಡುಗುತ್ತಿತ್ತು, ತಲೆ ಇನ್ನೂ ತಗ್ಗಿಯೇ ಇತ್ತು. ಅಕ್ಕ ಅವಳ ಗದ್ದಕ್ಕೆ ಒಂದು ಬೆರಳು ಕೊಟ್ಟು ಮುಖ ಮೇಲೆತ್ತಿದಳು. ಸೋಬಾನೆಗೆ ಕೂತ ಹುಡುಗಿಯರ ದನಿ ಗಂಟಲಲ್ಲೇ ಸಿಕ್ಕಿಕೊಂಡಾಗ ಅಕ್ಕ ಹೀಗೆಯೇ ಮಾಡುತ್ತಿದ್ದಳು. ಎಷ್ಟು ಮದುವೆಗಳಲ್ಲಿ ನೋಡಿದ್ದೇನೆ! ದನಿ ಬಿಚ್ಚಿಕೊಂಡಿತು. ಅದು ನಮ್ಮಕ್ಕನದೇ ದನಿ. ನಾನು ಹತ್ತಿಯ ಮೂಟೆಗೆ ಒರಗಿ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಹಾಡು ಮುಗಿಯಿತು. ಹುಡುಗಿ ತಾಯಿಯ ಮುಖ ನೋಡಿದಳು. ಅಕ್ಕ ಕಣ್ಣೊರೆಸಿಕೊಂಡು, ಸಮಾಧಾನವಿಲ್ಲದವಳ ಹಾಗೆ ತಲೆ ಅಲ್ಲಾಡಿಸಿ, ಬೆರಳೆತ್ತಿ ತೋರಿಸಿದಳು: ಮೊದಲಿನಿಂದ, ಇನ್ನೊಮ್ಮೆ.