ನಾಲಿಗೆಯಡಿಯ ನಾಲ್ಕು ಹನಿ

ಕ್ರೇನಣ್ಣನ ನೆಮ್ಮದಿ ಕೆಡಿಸಿದ್ದು ಹೆಬ್ಬೆರಳಿನಷ್ಟುದ್ದದ ಒಂದು ಬಾಟಲಿ. ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಕರವಸ್ತ್ರ ಎಳೆಯುವಾಗ ಅದು ಜೇಬಿನಿಂದ ಜಾರಿ, ಉರುಳಿಕೊಂಡು ಹೋಗಿ ವೆಲ್ಡರನ ಬೂಟಿಗೆ ತಾಗಿ ನಿಂತಿತು. ಬೇರೆ ಯಾರೇ ಆಗಿದ್ದರೂ ಎತ್ತಿ ಕೊಟ್ಟು ಸುಮ್ಮನಾಗುತ್ತಿದ್ದರು. ವೆಲ್ಡರನಿಗೆ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಕೊನೆಯ ಅಕ್ಷರದವರೆಗೆ ಓದುವ ಚಟ.

ಆ ಬಾಟಲಿಯ ಹಿಂದೆ ಇದ್ದದ್ದು ಕ್ರೇನಣ್ಣನ ತೂಕ. ಆರು ತಿಂಗಳ ಹಿಂದಿನ ವೈದ್ಯಕೀಯ ತಪಾಸಣೆಯಲ್ಲಿ ಅವನು ನೂರಾಮೂರು ಕಿಲೋ ತೂಗಿದ್ದ. ನೂರು ದಾಟಿದವರು ಕ್ರೇನಿನ ಕ್ಯಾಬಿನ್ ಹತ್ತಬಾರದು ಎಂದು ನಿಯಮ. ಹದಿನೆಂಟು ವರ್ಷ ಮೇಲೆ ಕುಳಿತು ಟನ್ನುಗಟ್ಟಲೆ ಕಬ್ಬಿಣವನ್ನು ಮಗುವಿನಂತೆ ಎತ್ತಿ ಇಳಿಸಿದವನು, ಗೇಟಿನ ಬಳಿ ಕುಳಿತು ಬಂದವರಿಗೆಲ್ಲ ಹೆಲ್ಮೆಟ್ ಹಂಚತೊಡಗಿದ. ಇವತ್ತು ಮರುತಪಾಸಣೆ. ಇದರಲ್ಲೂ ಬಿದ್ದರೆ ಕ್ರೇನು ಕಾಯಮ್ಮಾಗಿ ಇನ್ನೊಬ್ಬನ ಪಾಲು.

ಅದಕ್ಕೇ ದಿನಾ ಬೆಳಿಗ್ಗೆ ಬಿದ್ದೆನೋ ಎದ್ದೆನೋ ಎಂದು ಓಡಿದ್ದ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯಲು ಹೆಂಡತಿಯ ಹೆಗಲು ಬೇಕಾದಾಗ, ಜಿಮ್ಮಿನಲ್ಲಿ ತರಬೇತಿ ಕೊಡುವ ಭಾವಮೈದ ಸಿಬಿಡಿ ಎಂಬ ಎಣ್ಣೆ ತಂದುಕೊಟ್ಟ. ಓಡಿ ಬಂದ ಮೇಲೆ ನಾಲಿಗೆಯಡಿ ನಾಲ್ಕು ಹನಿ. ನೋವು ಕಡಿಮೆಯಾಯಿತೋ, ಆಯಿತೆಂದು ಅನ್ನಿಸಿತೋ, ಅಂತೂ ಓಟ ನಿಲ್ಲಲಿಲ್ಲ. ಇವತ್ತು ಮನೆಯ ತೂಕದ ಯಂತ್ರ ತೊಂಬತ್ತೆಂಟೂವರೆ ತೋರಿಸಿದಾಗ ಗಂಡ ಹೆಂಡತಿ ಇಬ್ಬರಿಗೂ ಕಣ್ಣು ತುಂಬಿ ಬಂದಿತ್ತು.

"ಅಣ್ಣಾ, ಇದು ಗಾಂಜಾ ಎಲೆ ಚಿತ್ರ ಅಲ್ವಾ?" ಎಂದ ವೆಲ್ಡರ್.

"ಶ್! ಮೆಲ್ಲಗೆ ಮಾತಾಡೋ. ಗಿಡ ಅದೇ, ಆದ್ರೆ ನಶೆ ಬರಲ್ಲ. ಮಂಡಿ ನೋವಿಗೆ ತಗೊಳ್ಳೋದು."

"ನಿನಗೆ ಬರದೇ ಇರಬಹುದು. ಇವತ್ತು ಉಚ್ಚೆ ಹಿಡ್ಕೋತಾರಲ್ಲ, ಅದರಲ್ಲಿ ಬರುತ್ತೆ! ಯಾವನೋ ಲಾರಿ ಡ್ರೈವರ್ ಹೀಗೇ ಕೆಲಸ ಕಳ್ಕೊಂಡ ಅಂತ ಕೇಳಿದೀನಿ."

ನಶೆಯ ಕೇಸಾದರೆ ಹೆಲ್ಮೆಟ್ ಹಂಚುವ ಕೆಲಸವೂ ಉಳಿಯುವುದಿಲ್ಲ. ಕ್ರೇನಣ್ಣ ಕೂಡಲೇ ಭಾವಮೈದನಿಗೆ ಫೋನ್ ಮಾಡಿದ.

"ಏನೂ ಆಗಲ್ಲ ಭಾವ," ಎಂದ ಅವನು ಹುರುಪಿನಿಂದ. ಆಮೇಲೆ ದನಿ ಸ್ವಲ್ಪ ಇಳಿಯಿತು. "ಆದ್ರೆ ಬಾಟಲಿ ಮೇಲೆ ನಶೆ ಇಲ್ಲ ಅಂತ ಬರೆದಿರೋದಕ್ಕೂ ಒಳಗಿರೋದಕ್ಕೂ ಎಷ್ಟು ತಾಳೆ ಆಗುತ್ತೋ, ಅದನ್ನ ನಾನು ಹೇಳಲಾರೆ."

ಇಷ್ಟು ಹೊತ್ತಿಗೆ ಗೋದಾಮಿನ ಗುಮಾಸ್ತನೂ ಬಂದು ಸೇರಿದ್ದ. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. "ನೀರು ಕುಡಿ. ನಾಲ್ಕು ಲೀಟರ್. ಒಳಗಿರೋದೆಲ್ಲ ತೊಳ್ಕೊಂಡು ಹೋಗುತ್ತೆ," ಎಂದು ತೀರ್ಪು ಕೊಟ್ಟೇಬಿಟ್ಟ.

ವೆಲ್ಡರ್ ತುಂಬಿಸಿ ತಂದ, ಗುಮಾಸ್ತ ಲೆಕ್ಕ ಹಿಡಿದ, ಕ್ರೇನಣ್ಣ ಕುಡಿದ. ಎರಡನೇ ಲೀಟರಿಗೆ ಬಿಕ್ಕಳಿಕೆ, ಮೂರನೆಯದಕ್ಕೆ ಕಣ್ಣಲ್ಲಿ ನೀರು. ಆ ಕಡೆಯಿಂದ ಹಾದುಹೋದ ಮ್ಯಾನೇಜರು "ಏನ್ರೀ, ಹುಷಾರಿಲ್ವಾ?" ಎಂದು ಕೇಳಿದ್ದೇ ತಡ, ಜೀವ ಬಾಯಿಗೆ ಬಂದು ಕೆಮ್ಮಿಬಿಟ್ಟ.

ನಾಲ್ಕನೆಯದು ಮುಗಿಯುವಷ್ಟರಲ್ಲಿ ತಪಾಸಣೆಯ ಕೋಣೆಯಿಂದ ಅವನ ಸರದಿ ಕೂಗಿದರು. ಶೌಚಾಲಯಕ್ಕೆ ಓಡಿದರೆ ಬೀಗ. "ಮೊದಲು ತೂಕ. ಆಮೇಲೆ ಸೀಸೆ ಕೊಟ್ಟು ನಾನೇ ಬೀಗ ತೆಗೀತೀನಿ," ಎಂದಳು ನರ್ಸು.

ಕ್ರೇನಣ್ಣ ಕಾಲು ಕೂಡಿಸಿಕೊಂಡು, ತುಂಬಿದ ಕೊಡ ಹೊತ್ತವನಂತೆ ಹೆಜ್ಜೆಯಿಟ್ಟು ತೂಕದ ಯಂತ್ರ ಹತ್ತಿದ. ಮುಳ್ಳು ಓಡಿತು. ನೂರಕ್ಕೆ ನಿಲ್ಲಲಿಲ್ಲ.

"ನೂರೆರಡೂವರೆ!" ಎಂದರು ಡಾಕ್ಟರು. "ಆರು ತಿಂಗಳು ಓಡಿದ್ದು ಅರ್ಧ ಕಿಲೋಗಾ?"

ಕ್ರೇನಣ್ಣ ಹೊಟ್ಟೆ ಮುಟ್ಟಿ ತೋರಿಸಿದ. "ಡಾಕ್ಟ್ರೇ, ಇದು ಕೊಬ್ಬಲ್ಲ, ನೀರು! ಈಗ ತಾನೇ ನಾಲ್ಕು ಲೀಟರ್ ಕುಡಿದಿದೀನಿ!"

ಡಾಕ್ಟರು ಒಳ್ಳೆಯವರು. ಪೆನ್ನು ಕೆಳಗಿಟ್ಟರು. "ಹೌದಾ? ಹಾಗಿದ್ರೆ ಎರಡು ಗಂಟೆ ಬಿಟ್ಟು ಇನ್ನೊಂದ್ಸಲ ತೂಗೋಣ. ಆದ್ರೆ ಕಾರಣ ಬರೀಬೇಕಾಗುತ್ತೆ. ಯಾಕೆ ಕುಡಿದ್ರಿ?"

ಕ್ರೇನಣ್ಣ ಬಾಗಿಲ ಕಡೆ ನೋಡಿದ.

"ಏನಾದ್ರೂ ತಗೊಂಡಿರೋರೇ ಹಾಗೆ ಕುಡಿಯೋದು," ಎಂದಳು ನರ್ಸು, ಸೀಸೆಗೆ ಚೀಟಿ ಅಂಟಿಸುತ್ತ.

ಕ್ರೇನು ಹೋದರೆ ಹೋಗಲಿ, ಮನೆಯಲ್ಲಿ ಒಲೆಯಾದರೂ ಉರಿಯಬೇಡವೇ? ಕ್ರೇನಣ್ಣ ತಲೆ ತಗ್ಗಿಸಿ, "ಇಲ್ಲ ಡಾಕ್ಟ್ರೇ, ಸುಮ್ನೆ ಬಾಯಿಗೆ ಬಂದದ್ದು ಅಂದೆ," ಎಂದ. "ನೀರಲ್ಲ. ಕೊಬ್ಬೇ."

ಡಾಕ್ಟರು ನಿಟ್ಟುಸಿರು ಬಿಟ್ಟು ನೂರೆರಡೂವರೆ ಎಂದೇ ಬರೆದು ಸಹಿ ಹಾಕಿದರು.

ಸೀಸೆ ತುಂಬಿ ಚೆಲ್ಲುವಷ್ಟಾಯಿತು. ನರ್ಸು ಅದರಲ್ಲಿ ಒಂದು ಕಾಗದದ ಪಟ್ಟಿ ಅದ್ದಿ ನೋಡಿ, "ಸಕ್ಕರೆ ಇಲ್ಲ. ಹೋಗಬಹುದು," ಎಂದಳು.

"ಬೇರೇನೂ ನೋಡಲ್ವಾ?" ಕ್ರೇನಣ್ಣ ಬಾಗಿಲಲ್ಲೇ ತಿರುಗಿ ಕೇಳಿದ.

"ಬೇರೇನು ನೋಡೋದು? ಇಲ್ಲಿ ಯಾವತ್ತೂ ನೋಡೋದು ಸಕ್ಕರೆ ಒಂದೇ."

ಹೊರಗೆ ಬಾಗಿಲಿಗೇ ಅಂಟಿಕೊಂಡು ನಿಂತಿದ್ದ ವೆಲ್ಡರ್ ತೋಳು ಹಿಡಿದೆಳೆದ. "ಏನಾಯ್ತಣ್ಣ? ಉಚ್ಚೇಲಿ ಸಿಕ್ಕಿಬಿದ್ಯಾ?"

"ಇಲ್ಲ."

"ನೋಡಿದ್ಯಾ, ನೋಡಿದ್ಯಾ!" ಗುಮಾಸ್ತ ಬೆನ್ನು ತಟ್ಟಿದ. "ನಾನು ಹೇಳಿದ್ನಲ್ಲ? ನೀರು ಕೆಲಸ ಮಾಡ್ತು!"

"ಮಾಡ್ತಪ್ಪ," ಎಂದ ಕ್ರೇನಣ್ಣ, "ಚೆನ್ನಾಗಿ ಮಾಡ್ತು."